ಲೆಡ್ಜರ್ ಹಾಳೆಯ ವಂಶವೃಕ್ಷ

1968ರ ಜೂನ್ ತಿಂಗಳಲ್ಲಿ ಮಟ್ಟಾಂಚೇರಿ ಜೆಟ್ಟಿಯಿಂದ ಎರ್ನಾಕುಳಕ್ಕೆ ಬೋಟಿನ ಚೀಟಿ ಹತ್ತು ಪೈಸೆ. ಅಪ್ಪಯ್ಯ ದಿನಾ ಬೆಳಿಗ್ಗೆ ಇಪ್ಪತ್ತೈದು ಪೈಸೆ ಎಣಿಸಿ ಕೊಡುತ್ತಿದ್ದರು. ಹೋಗಲಿಕ್ಕೆ ಹತ್ತು, ಬರಲಿಕ್ಕೆ ಹತ್ತು, ಉಳಿದ ಐದಕ್ಕೆ ನೆಲಗಡಲೆ. ಮಳೆಗಾಲದಲ್ಲಿ ಬೋಟಿನ ಇಕ್ಕೆಲದ ಟಾರ್ಪಾಲು ಇಳಿಬಿಟ್ಟರೆ ಒಳಗೆ ಡೀಸೆಲ್, ಒದ್ದೆ ಕೊಡೆ, ಮೀನಿನ ಬುಟ್ಟಿ, ಒಣಶುಂಠಿಯ ಗೋಣಿ ಎಲ್ಲ ಕಲೆತು ಒಂದೇ ವಾಸನೆಯಾಗುತ್ತಿತ್ತು. ಮಹಾರಾಜಾಸ್ ಕಾಲೇಜಿನಲ್ಲಿ ಓದಿದ ಮೂರು ವರ್ಷವೂ ನನ್ನ ಅಂಗಿಗೆ ಆ ವಾಸನೆ ಅಂಟಿಕೊಂಡೇ ಇತ್ತು. ಈಗ ಕೊಚ್ಚಿಯಲ್ಲಿ ವಾಟರ್ ಮೆಟ್ರೋ ಓಡುತ್ತದೆ. ಗಾಜಿನ ಕಿಟಕಿ, ತಂಪು ಗಾಳಿ, ಯಾವ ವಾಸನೆಯೂ ಇಲ್ಲ. ಮಂಡಿನೋವಿನ ನನ್ನಂಥವನಿಗೆ ಅದೇ ಒಳ್ಳೆಯದು.

ನಮ್ಮದು ಕುಂದಾಪುರ ಕಡೆಯ ಮನೆ. ಅಜ್ಜಯ್ಯ ಹೋಟೆಲಿನ ಅಡುಗೆಗೆಂದು ಕೊಚ್ಚಿಗೆ ಬಂದು ಚೆರಳಾಯಿಯ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರಂತೆ. ಅವರ ಕಾಲ ಮುಗಿದ ಮೇಲೆ ಅಪ್ಪಯ್ಯ ಅದೇ ಒಲೆಯ ಮುಂದೆ ನಿಂತರು. ಮನೆಯೊಳಗೆ ಕುಂದಗನ್ನಡ, ಬೀದಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಮಲಯಾಳ, ಮೆಣಸಿನ ಮಂಡಿಯಲ್ಲಿ ಗುಜರಾತಿ. ಮಟ್ಟಾಂಚೇರಿಯ ಮಕ್ಕಳಿಗೆ ಇದು ವಿಶೇಷ ಅನ್ನಿಸುತ್ತಿರಲಿಲ್ಲ. ಮನೆಯಲ್ಲಿ ಅಜ್ಜಿ, ಅಪ್ಪಯ್ಯ, ಅಮ್ಮ, ತಂಗಿ, ನಾನು, ಮತ್ತೆ ಸಣ್ಣತ್ತೆ. ಸಣ್ಣತ್ತೆ ಅಪ್ಪಯ್ಯನ ತಂಗಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ನೆರೆಕರೆಯವರು ಅವಳನ್ನು ಕರೆಯುತ್ತಿದ್ದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಪ್ರೀಡಿಗ್ರಿಯಲ್ಲಿ ಬಂದ ಅಂಕ ಡಾಕ್ಟರಿಕೆಗೆ ಸಾಲಲಿಲ್ಲ. ಹಾಗಾಗಿ ಝೂಆಲಜಿ ಮೇನ್, ಬಾಟನಿ ಮತ್ತು ಕೆಮಿಸ್ಟ್ರಿ ಸಬ್ಸಿಡಿಯರಿ. ಡಿಸೆಕ್ಷನ್ ಪೆಟ್ಟಿಗೆಗೆ ಏಳೂವರೆ ರೂಪಾಯಿ, ರೆಕಾರ್ಡ್ ಪುಸ್ತಕಕ್ಕೆ ಒಂದೂಕಾಲು. ಸಿನಾಟ್, ಡನ್, ಡೊಬ್ಝಾನ್‌ಸ್ಕಿ ಮೂವರು ಸೇರಿ ಬರೆದ ಜೆನೆಟಿಕ್ಸ್ ಪುಸ್ತಕವನ್ನು ಸೀನಿಯರ್ ಒಬ್ಬನಿಂದ ಒಂಬತ್ತು ರೂಪಾಯಿಗೆ ಹಳತು ಕೊಂಡೆ. ಅಪ್ಪಯ್ಯನ ಸಂಬಳ ಆಗ ನೂರ ಹತ್ತು. ಜೆನೆಟಿಕ್ಸ್ ಎಂಬ ಹೆಸರಿನ ಡಿಗ್ರಿ ಆಗ ನಮ್ಮಲ್ಲಿರಲಿಲ್ಲ. ಎವಲ್ಯೂಷನ್ ಜೊತೆ ಎಲೆ ಹಂಚಿಕೊಂಡು ಕೂತ ಅರ್ಧ ಪೇಪರು ಅಷ್ಟೆ. ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಓದುವ ಬಿ.ಎಸ್ಸಿ.ಯಲ್ಲಿ ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿಗಳ ಪಕ್ಕದಲ್ಲಿ ಜೆನೆಟಿಕ್ಸಿಗೆ ಅದರದ್ದೇ ಮಣೆ ಇದೆ.

ಏನು ಓದುತ್ತಿ ಎಂದು ಅಜ್ಜಿ ಒಮ್ಮೆ ಕೇಳಿದಳು. ಅಪ್ಪ ಅಮ್ಮನಿಂದ ಮಕ್ಕಳಿಗೆ ಏನೇನು ಬರುತ್ತದೆ, ಹೇಗೆ ಬರುತ್ತದೆ ಎಂಬುದನ್ನು ಎಂದೆ. ಅವಳು ಮೆಟ್ಟುಕತ್ತಿಯ ಮೇಲೆ ಸೌತೆಕಾಯಿ ಹೆಚ್ಚುತ್ತ, “ಅದಕ್ಕೆ ಕಾಲೇಜು ಎಂತಕ್ಕೆ? ಮೂಗು ಅಪ್ಪಂದು, ಸಿಟ್ಟು ಅಜ್ಜಂದು, ಸಾಲ ಇಬ್ಬರದ್ದೂ” ಎಂದಳು. ಮಾರನೆ ದಿನ ಇದನ್ನು ಮಾಷ್‌ಗೆ ಹೇಳಿದೆ. (ಮೇಷ್ಟರನ್ನು ಅಲ್ಲಿ ಹಾಗೆ ಕರೆಯುವುದು.) ಅವರು ನಗಲಿಲ್ಲ. ಮೆಂಡೆಲ್‌ಗಿಂತ ಮುಂಚೆ ದೊಡ್ಡ ದೊಡ್ಡ ಪಂಡಿತರೂ ಇಷ್ಟೇ ತಿಳಿದಿದ್ದರು, ಅವನು ಕೂತು ಎಣಿಸಿದ, ಅದೊಂದೇ ವ್ಯತ್ಯಾಸ ಎಂದರು.

ಎಣಿಸುವುದು ಎಂದರೆ ಏನೆಂದು ಆ ವಾರವೇ ತಿಳಿಯಿತು. ಮೆಂಡೆಲ್ ಬಟಾಣಿಯ ಒಂದು ಗುಣಕ್ಕೆಂದೇ 7324 ಕಾಳು ನೋಡಿದ್ದ. 5474 ಗುಂಡಗೆ, 1850 ಸುಕ್ಕು. ನಮ್ಮ ಲ್ಯಾಬಿನಲ್ಲಿ ಇದನ್ನು ಬಣ್ಣದ ಮಣಿಗಳಿಂದ ಮಾಡಿಸುತ್ತಿದ್ದರು. ನಾನು ಮನೆಯಲ್ಲಿ ಉಪ್ಪಿನಕಾಯಿಯ ಎರಡು ಖಾಲಿ ಭರಣಿ ಇಟ್ಟುಕೊಂಡು, ಒಂದೊಂದಕ್ಕೂ ನೂರು ಹೆಸರುಕಾಳು, ನೂರು ಹುರುಳಿಕಾಳು ಸುರಿದೆ. ಒಂದು ಭರಣಿ ತಂದೆ, ಇನ್ನೊಂದು ತಾಯಿ. ಕಣ್ಣು ಮುಚ್ಚಿ ಎರಡರಿಂದಲೂ ಒಂದೊಂದು ಕಾಳು ತೆಗೆದು ಜೋಡಿ ಮಾಡುವುದು, ಬರೆದುಕೊಂಡು ಆಯಾ ಭರಣಿಗೇ ಹಾಕುವುದು. ಜೋಡಿಯಲ್ಲಿ ಒಂದಾದರೂ ಹೆಸರುಕಾಳಿದ್ದರೆ ಉದ್ದನೆ ಗಿಡ. ಎರಡೂ ಹುರುಳಿಯಾದರೆ ಮಾತ್ರ ಗಿಡ್ಡ. ನಾನು ಗೆರಸಿಯ ಮುಂದೆ ಕೂತು ಈ ಆಟ ಆಡುವುದನ್ನು ಸಣ್ಣತ್ತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಬದಿಗೆ ಸರಿಸಿ ತಾನೇ ಕೂತಳು. ಹುರುಳಿಗೆ ಹುರುಳಿ ಬಿದ್ದಾಗಲೆಲ್ಲ ಅಡಿಗೆಮನೆಯಿಂದ ತಂದ ಕರಟಕ್ಕೆ ಒಂದು ಹುಣಿಸೆಬೀಜ ಹಾಕುತ್ತಿದ್ದಳು. ನಾನೂರು ಜೋಡಿ ಮುಗಿದಾಗ ಕರಟದಲ್ಲಿ 103 ಬೀಜ. ಏನು ಲೆಕ್ಕ, ಯಾತಕ್ಕೆ ಲೆಕ್ಕ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಒಂದು ಕಡಿಮೆಯಾದರೂ ಕೈಸನ್ನೆಯಲ್ಲಿ ನನ್ನನ್ನು ತಡೆದು ಮತ್ತೆ ಎಣಿಸುತ್ತಿದ್ದಳು.

ಈರುಳ್ಳಿಯದು ಬೇರೆಯೇ ಕಥೆ. ಬೇರಿನ ತುದಿ ಕತ್ತರಿಸಿ, ಬಣ್ಣಕ್ಕೆ ಹಾಕಿ, ಗಾಜಿನಡಿ ಒತ್ತಿ, ಜೀವಕೋಶ ಎರಡಾಗುವಾಗ ವರ್ಣತಂತುಗಳು ಹೇಗೆ ಬೇರೆಯಾಗುತ್ತವೆ ಎಂದು ನೋಡಬೇಕು. ಅದಕ್ಕೆ ಈರುಳ್ಳಿಯನ್ನು ನೀರಿನ ಬಾಟಲಿಯ ಬಾಯಿಯ ಮೇಲೆ ಕೂರಿಸಿ ಎರಡು ಮೂರು ದಿನ ಇಡಬೇಕು. ಅಜ್ಜಿಯ ಮನೆಗೆ ಈರುಳ್ಳಿ ಹೊಸ್ತಿಲು ದಾಟಿ ಬಂದದ್ದಿಲ್ಲ. ಹೋಟೆಲಿನ ಹಿಂಬದಿಯಲ್ಲಿ, ಹಿಟ್ಟು ರುಬ್ಬುವ ಒರಳಿನ ಪಕ್ಕ, ಅಪ್ಪಯ್ಯ ನನ್ನ ಆರು ಬಾಟಲಿಗಳಿಗೆ ಜಾಗ ಮಾಡಿಕೊಟ್ಟರು. ರಾತ್ರಿ ಕೆಲಸದ ಹುಡುಗರು ಎರಡನ್ನು ತೆಗೆದು ಸಾಂಬಾರಿಗೆ ಹೆಚ್ಚಿಬಿಟ್ಟರು. ಉಳಿದ ನಾಲ್ಕರ ಬೇರನ್ನು ಬೆಳಿಗ್ಗೆ ಕತ್ತರಿಸಿ, ಸಣ್ಣ ಶೀಸೆಯಲ್ಲಿ ಸ್ಪಿರಿಟ್ಟು ಮತ್ತು ಅಸೆಟಿಕ್ ಆಮ್ಲಕ್ಕೆ ಹಾಕಿ ಬೋಟು ಹತ್ತಿದೆ. ಅಸಿಟೋ ಕಾರ್ಮೈನ್ ಬಣ್ಣ ಕಾಯಿಸುವಾಗ ಏಳುವ ಹುಳಿವಾಸನೆ ವಿನಿಗರಿನ ವಾಸನೆಯೇ. ಇವತ್ತಿಗೂ ಉಪ್ಪಿನಕಾಯಿ ಬಾಟಲಿ ತೆರೆದರೆ ನನಗೆ ಮೊದಲು ನೆನಪಾಗುವುದು ಕೆಂಪು ಬೆರಳು, ಹಿತ್ತಾಳೆಯ ಮೈಕ್ರೋಸ್ಕೋಪು, ಅದರಡಿಯಲ್ಲಿ ಎರಡು ಬದಿಗೆ ಎಳೆದುಕೊಂಡು ಹೋಗುತ್ತಿದ್ದ ಆ ಕೆಂಪು ದಾರದ ತುಂಡುಗಳು. ನನಗೆ ಕಂಡದ್ದನ್ನು ಮಾಷ್‌ಗೆ ತೋರಿಸಿದಾಗ ಅವರು ಬಗ್ಗಿ ನೋಡಿ, “ಅನಾಫೇಸ್” ಎಂದು ಒಂದೇ ಮಾತು ಹೇಳಿ ಮುಂದಿನ ಮೇಜಿಗೆ ಹೋದರು. ಅವತ್ತು ನಾನು ಬೋಟಿನಲ್ಲಿ ಕೂರಲಿಲ್ಲ. ನಿಂತೇ ಮನೆಗೆ ಬಂದೆ.

ಲೈಬ್ರರಿಯಲ್ಲಿದ್ದ ಹಳೆಯ ಪುಸ್ತಕವೊಂದರಲ್ಲಿ ಮನುಷ್ಯನ ವರ್ಣತಂತುಗಳು 48 ಎಂದು ಅಚ್ಚಾಗಿತ್ತು. ಯಾರೋ ಪೆನ್ಸಿಲಿನಲ್ಲಿ ಎಂಟನ್ನು ಹೊಡೆದು ಆರು ಮಾಡಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಜಗತ್ತೆಲ್ಲ 48 ಎಂದೇ ನಂಬಿತ್ತು. ಸ್ವೀಡನ್ನಿನ ಲುಂಡ್‌ನಲ್ಲಿ ತ್ಯೋ ಮತ್ತು ಲೆವಾನ್ ಎಂಬಿಬ್ಬರು ಕೋಶಗಳನ್ನು ಸರಿಯಾಗಿ ಹರಡಿ ನೋಡಿ 46 ಎಂದು 1956ರಲ್ಲಿ ಪ್ರಕಟಿಸಿದರು. ಅಂದರೆ ನಾನು ಹುಟ್ಟಿದಾಗ ನನಗೆ ಪುಸ್ತಕದ ಲೆಕ್ಕದಲ್ಲಿ ಎರಡು ಹೆಚ್ಚಿದ್ದವು. ಕಣ್ಣೆದುರಿಗೆ ಇದ್ದದ್ದನ್ನು ಅಷ್ಟು ಜನ ಅಷ್ಟು ವರ್ಷ ತಪ್ಪಾಗಿ ಎಣಿಸಿದರು ಎಂಬುದು ನನಗೆ ಆ ವಯಸ್ಸಿನಲ್ಲಿ ನಂಬಲಾಗದ ಸಂಗತಿಯಾಗಿತ್ತು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ನೋಟು ಎಣಿಸಿದ ಮೇಲೆ ಅದರಲ್ಲಿ ಆಶ್ಚರ್ಯ ಉಳಿಯಲಿಲ್ಲ.

ಆ ವರ್ಷಗಳಲ್ಲಿ ಬೋಟಿನಲ್ಲಿ ನಾನು ಜನರ ಕಿವಿ ನೋಡುತ್ತಿದ್ದೆ. ಹಾಲ್ಡೇನ್ ಎಂಬ ದೊಡ್ಡ ವಿಜ್ಞಾನಿ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, ಇಲ್ಲಿನ ಪೌರನೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡಿದ್ದರು. ಅವರ ಶಿಷ್ಯ ಕೃಷ್ಣ ದ್ರೋಣಂರಾಜು ಆಂಧ್ರದಲ್ಲಿ ಕಿವಿಯ ಅಂಚಿನ ಮೇಲೆ ಕೂದಲು ಬೆಳೆಯುವ ಗಂಡಸರ ಮನೆತನಗಳನ್ನು ಹುಡುಕಿ, ಆ ಗುಣ ಅಪ್ಪನಿಂದ ಮಗನಿಗೆ ಮಾತ್ರ, ವೈ ವರ್ಣತಂತುವಿನ ಮೇಲೆ ಬರುತ್ತದೆ ಎಂದು ಬರೆದಿದ್ದರು. ಮಾಷ್ ಇದನ್ನು ಪಾಠ ಮಾಡಿದ ದಿನದಿಂದ ನಾವು ಮೂವರು ಗೆಳೆಯರು ಬೋಟಿನಲ್ಲಿ ಅಪ್ಪ ಮಗ ಜೊತೆಯಾಗಿ ಬಂದರೆ ಸಾಕು, ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದೆವು. ಮೆಣಸಿನ ವ್ಯಾಪಾರಿಯೊಬ್ಬರು ತಿರುಗಿ, ನನ್ನ ತಲೆಯಲ್ಲಿ ಹೇನು ಕಂಡಿತಾ ಎಂದು ಕೇಳಿಯೇಬಿಟ್ಟರು. ಆರು ತಿಂಗಳಲ್ಲಿ ಹನ್ನೊಂದು ಕಿವಿ ಸಿಕ್ಕವು. 2004ರಲ್ಲಿ ದಕ್ಷಿಣ ಭಾರತದ ಗಂಡಸರ ಡಿಎನ್ಎ ನೋಡಿದ ವಿಜ್ಞಾನಿಗಳು ಇದಕ್ಕೂ ವೈಗೂ ಸಂಬಂಧ ಕಾಣುವುದಿಲ್ಲ ಎಂದು ಬರೆದರು. ಪರೀಕ್ಷೆಯಲ್ಲಿ ನಾನು ಐದು ಅಂಕಕ್ಕೆ ಬರೆದ ಉತ್ತರ ಹೀಗೆ ಮೂವತ್ತು ಚಿಲ್ಲರೆ ವರ್ಷದ ನಂತರ ತಪ್ಪಾಯಿತು.

ಪಿಟಿಸಿ ಎಂಬ ರಾಸಾಯನಿಕ ಹಚ್ಚಿ ಒಣಗಿಸಿದ ಕಾಗದದ ಚೂರು ನಾಲಿಗೆಗೆ ಇಟ್ಟರೆ ಕೆಲವರಿಗೆ ಕಹಿಯೋ ಕಹಿ, ಕೆಲವರಿಗೆ ಬರೀ ಕಾಗದ. ಅದೂ ವಂಶದಲ್ಲಿ ಇಳಿದು ಬರುವ ಗುಣ. ಲ್ಯಾಬಿನಿಂದ ಕೇಳಿ ತಂದ ಚೂರುಗಳನ್ನು ಮನೆಯಲ್ಲಿ ಹಂಚಿದೆ. ಅಜ್ಜಿ ಥೂ ಎಂದು ಅಂಗಳಕ್ಕೆ ಓಡಿದಳು. ಸಣ್ಣತ್ತೆ ಗಿಂಡಿಯ ನೀರು ಪೂರ್ತಿ ಬಾಯಿಗೆ ಸುರಿದುಕೊಂಡು ಮುಕ್ಕಳಿಸಿ, ನನ್ನ ಕಡೆ ಕೈ ಬೀಸಿದಳು. ಅಪ್ಪಯ್ಯ ಮಾತ್ರ ಚೂರನ್ನು ಬಾಯಿಯಲ್ಲಿ ಆ ಬದಿ ಈ ಬದಿ ಹೊರಳಿಸಿ, “ಎಂತದೂ ಇಲ್ಲವಲ್ಲ” ಎಂದರು. ಸಾರಿನ ಕುದಿ ಮೂಸಿಯೇ ಉಪ್ಪು ಎಷ್ಟು ಕಮ್ಮಿ ಎಂದು ಹೇಳುವ ಮನುಷ್ಯ. ಅವರಿಗೆ ತಮ್ಮ ನಾಲಿಗೆಯ ಮೇಲೆ ಬಂದ ಈ ಕೊರತೆ ಸಹಿಸಲಾಗಲಿಲ್ಲ. ಇನ್ನೊಂದು ಚೂರು ಕೇಳಿ ತಿಂದರು. ಆಮೇಲೆ ಮತ್ತೊಂದು. ಆ ಕಹಿ ಹಿಡಿಯುವ ಜೀನ್ ಯಾವುದೆಂದು 2003ರಲ್ಲಿ ಗುರುತಿಸಿದರೆಂದು ಓದಿದಾಗ ಅಪ್ಪಯ್ಯ ಇರಬೇಕಿತ್ತು ಅನ್ನಿಸಿತು.

1968ರ ಡಿಸೆಂಬರಿನಲ್ಲಿ ಜ್ಯೂ ಟೌನಿನ ಪರದೇಶಿ ಸಿನಗಾಗ್‌ಗೆ ನಾನೂರು ವರ್ಷ ತುಂಬಿತು. ಇಂದಿರಾ ಗಾಂಧಿ ಬಂದರು, ಅಂಚೆ ಚೀಟಿ ಬಂತು, ಬೀದಿಗೆ ಸುಣ್ಣ ಬಣ್ಣ ಆಯಿತು. ನಾನು ಆ ಗದ್ದಲದಲ್ಲಿ ಮಾಷ್ ಹೇಳಿದ್ದನ್ನು ನೆನೆಯುತ್ತಿದ್ದೆ. 1930ರ ದಶಕದಲ್ಲಿ ಐಲೀನ್ ಮ್ಯಾಕ್‌ಫರ್ಲೇನ್ ಎಂಬಾಕೆ ಇದೇ ಕೊಚ್ಚಿಯ ಯಹೂದಿಗಳ ರಕ್ತದ ಗುಂಪು ಪರೀಕ್ಷೆ ಮಾಡಿ, ಅವರಿಗೂ ಊರವರಿಗೂ ಎಷ್ಟು ನಂಟು ಎಂದು ಹುಡುಕಿದ್ದರು. ಆಗ ಕೈಗೆ ಸಿಗುತ್ತಿದ್ದದ್ದು ಎ, ಬಿ, ಓ ಎಂಬ ಅಕ್ಷರಗಳಷ್ಟೆ. 2016ರಲ್ಲಿ ಪೂರ್ತಿ ಜೀನೋಮನ್ನೇ ಜಾಲಾಡಿದವರು ಅವರಲ್ಲಿ ಪಶ್ಚಿಮ ಏಷ್ಯದ ಯಹೂದಿ ಮೂಲ, ಭಾರತದ ಮೂಲ ಎರಡೂ ಬೆರೆತಿವೆ ಎಂದರು. ಅಷ್ಟರಲ್ಲಿ ಬೀದಿಯೇ ಖಾಲಿಯಾಗಿತ್ತು. ಹೆಚ್ಚಿನವರು 1950ರ ದಶಕದಲ್ಲೇ ಇಸ್ರೇಲಿಗೆ ಹೋಗಿದ್ದರು, ಉಳಿದವರೂ ಒಬ್ಬೊಬ್ಬರಾಗಿ ಹೋದರು. ಈಗ ಅಲ್ಲಿ ಕಾಶ್ಮೀರಿ ಶಾಲು ಮಾರುತ್ತಾರೆ.

ಕೊನೆಯ ವರ್ಷ ಸ್ಟಡಿ ಟೂರ್ ತಿರುವನಂತಪುರಕ್ಕೆ. ಆಗಿನ್ನೂ ಆ ದಾರಿಯಲ್ಲಿ ಮೀಟರ್ ಗೇಜ್ ರೈಲು. ಮಧ್ಯೆ ಕೊಲ್ಲಂನಲ್ಲಿ ಇಳಿದು ನೀಂಡಕರದ ಮೀನಿನ ಬಂದರು ನೋಡಿ, ಚವರದ ಕಡಲದಂಡೆಗೆ ಹೋದೆವು. ಮರಳು ಕಪ್ಪು. ಅದರಲ್ಲಿ ಮೋನಜೈಟ್, ಮೋನಜೈಟಿನಲ್ಲಿ ಥೋರಿಯಂ, ಅದರಿಂದ ಹಗಲು ರಾತ್ರಿ ವಿಕಿರಣ. ಅದರ ಮೇಲೇ ಮನೆ ಕಟ್ಟಿಕೊಂಡು, ಮಕ್ಕಳು ಮರಿ ಹೆತ್ತುಕೊಂಡು ಜನ ತಲೆತಲಾಂತರದಿಂದ ಇದ್ದರು. ವಿಕಿರಣ ವರ್ಣತಂತುವನ್ನು ಕೆಡಿಸುತ್ತದೆ ಎಂದಾದರೆ ಅದು ಇಲ್ಲಿ ಕಾಣಬೇಕಲ್ಲ? ಲಂಡನ್ನಿನ ಹಾನ್ಸ್ ಗ್ರ್ಯೂನೆಬರ್ಗ್ ಮತ್ತು ಜೊತೆಯವರು ಈ ದಂಡೆಯ ಮನೆ ಇಲಿಗಳನ್ನೂ ದೂರದ ಊರಿನ ಇಲಿಗಳನ್ನೂ ಹಿಡಿದು, ಹಲ್ಲು ಮೂಳೆ ಹೋಲಿಸಿ, ವಿಕಿರಣದ್ದೆಂದು ಹೇಳಬಹುದಾದ ವ್ಯತ್ಯಾಸ ಸಿಗಲಿಲ್ಲವೆಂದು 1966ರಲ್ಲಿ ವರದಿ ಮಾಡಿದ್ದರು. ಬೊಂಬಾಯಿಯ ಅಣುಶಕ್ತಿ ಕೇಂದ್ರದಿಂದ ಇಲ್ಲಿನ ಸಂಶೋಧನೆಯಲ್ಲಿ ತೊಡಗಿದ್ದ ಎ. ಆರ್. ಗೋಪಾಲ ಅಯ್ಯಂಗಾರರ ಹೆಸರಿನ ಮೊದಲ ಅಕ್ಷರ ಆನೇಕಲ್ಲಿನದು ಎಂದು ತಿಳಿದಾಗ ಕನ್ನಡದ ಹುಡುಗ ನಾನೊಬ್ಬನೇ ಎದೆ ಉಬ್ಬಿಸಿದೆ. 1976ರಲ್ಲಿ ದೆಹಲಿಯ ಏಮ್ಸ್‌ನವರು ಈ ದಂಡೆಯಲ್ಲಿ ಡೌನ್ ಸಿಂಡ್ರೋಮ್ ಹೆಚ್ಚಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬೇರೆಯವರು ಒಪ್ಪಲಿಲ್ಲ. ನಾನು ಆ ಜಗಳವನ್ನು ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಪೇಪರಿನಲ್ಲಿ ಓದಿದೆ.

ತಿರುವನಂತಪುರದಲ್ಲಿ ಮೃಗಶಾಲೆ, ಮ್ಯೂಸಿಯಂ ಎಲ್ಲ ಆಯಿತು. ನನಗೆ ನೆನಪಿರುವುದು ಯೂನಿವರ್ಸಿಟಿ ಕಾಲೇಜಿನ ಕೆಂಪು ಕಟ್ಟಡದ ಎದುರು ಮಾಷ್ ನಿಂತ ರೀತಿ. ಚಪ್ಪಲಿ ಬಿಡುವುದೊಂದು ಬಾಕಿ. ಗೋಧಿಯ ಎಂ. ಎಸ್. ಸ್ವಾಮಿನಾಥನ್ ಇಲ್ಲಿಯೇ ಝೂಆಲಜಿ ಓದಿದ್ದು ಎಂದರು. ಅವರಿಗಿಂತ ಮುಂಚೆ, 1930ರ ದಶಕದ ಮೊದಲಲ್ಲಿ, ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಇಲ್ಲಿ ಬಾಟನಿ ಪಾಠ ಮಾಡಿದ್ದರು ಎಂದರು. ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರೇಟ್, ಕೊಯಮತ್ತೂರಿನಲ್ಲಿ ಕಬ್ಬಿನ ತಳಿ, ಇಂಗ್ಲೆಂಡಿನಲ್ಲಿ ಡಾರ್ಲಿಂಗ್ಟನ್ ಜೊತೆ ಸೇರಿ 1945ರಲ್ಲಿ ಬೆಳೆಗಿಡಗಳ ವರ್ಣತಂತುಗಳ ಅಟ್ಲಾಸ್. ನಮ್ಮ ತರಗತಿಯ ಹುಡುಗಿಯರು ಮುಂದೆ ಬಂದು ನಿಂತು ಕೇಳಿದರು. ನಾನು ನನ್ನ ನಾಲ್ಕು ಈರುಳ್ಳಿಯ ಬಗ್ಗೆ ಯೋಚಿಸುತ್ತಿದ್ದೆ. ಅವರು ಎಷ್ಟು ಸಾವಿರ ಬೇರು ಒತ್ತಿರಬಹುದು!

ಊರಿಗೆ ಹೋಗುವ ರೈಲು ಮಂಗಳೂರಿನವರೆಗೆ. ದಾರಿಯಲ್ಲಿ ನೀಲೇಶ್ವರ ಬಂದಾಗ ನಾನು ಅಜ್ಜಿಗೆ ಹೇಳುತ್ತಿದ್ದೆ: 1932ರಲ್ಲಿ ಜೆ. ಎಸ್. ಪಟೇಲ್ ಎಂಬವರು ಇಲ್ಲಿ ಎತ್ತರದ ತೆಂಗಿಗೆ ಗಿಡ್ಡ ತೆಂಗಿನ ಪರಾಗ ಹಾಕಿದರು, ಲೋಕದ ಮೊದಲ ಸಂಕರ ತೆಂಗು ಹುಟ್ಟಿದ್ದು ಇಲ್ಲೇ, ಆಗ ಇದು ನಮ್ಮ ದಕ್ಷಿಣ ಕನ್ನಡ ಜಿಲ್ಲೆ. ಅಜ್ಜಿ ಕಿಟಕಿಯಿಂದ ಮರಗಳ ತಲೆ ನೋಡಿ, “ಕಾಯಿ ಸಣ್ಣದು” ಎಂದಳು.

ಇನ್ನು ಆ ಲೆಡ್ಜರ್ ಹಾಳೆ. ಪ್ರತಿಯೊಬ್ಬರೂ ಒಂದು ಮನೆತನದ ಪೆಡಿಗ್ರಿ ಬರೆದು ತರಬೇಕೆಂದು ಮಾಷ್ ಹೇಳಿದರು. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು. ಮದುವೆಗೆ ಅಡ್ಡ ಗೆರೆ, ರಕ್ತಸಂಬಂಧದೊಳಗಿನ ಮದುವೆಯಾದರೆ ಜೋಡಿ ಗೆರೆ. ನೋಡುತ್ತಿರುವ ಗುಣ ಯಾರಲ್ಲಿದೆಯೋ ಅವರ ಗುರುತಿಗೆ ಕಪ್ಪು ಮಸಿ ತುಂಬುವುದು. ಮೆಣಸಿನ ಮಂಡಿಯ ಗುಮಾಸ್ತರೊಬ್ಬರು ಕೊಟ್ಟ ಹಳೇ ಲೆಡ್ಜರಿನ ಅಗಲವಾದ ಹಾಳೆ, ಬೆನ್ನ ಬದಿ ಖಾಲಿ, ಮೂಸಿದರೆ ಇನ್ನೂ ಮೆಣಸು. ಲಾಂದ್ರದ ಬೆಳಕಿನಲ್ಲಿ ಅಜ್ಜಿ ಕಾಲು ನೀಡಿ ಕೂತು ಐದು ತಲೆಮಾರು ಹೇಳಿದಳು. ಯಾವ ಮನೆಯ ಹೆಣ್ಣು, ಎಷ್ಟು ಹೆತ್ತಳು, ಎಷ್ಟು ಉಳಿದವು, ಯಾವುದು ಯಾವ ಮಳೆಯಲ್ಲಿ ಹೋಯಿತು. ಒಂದೂ ತಡವರಿಸಲಿಲ್ಲ. ಅವಳನ್ನು ಮದುವೆ ಮಾಡಿಕೊಟ್ಟದ್ದು ಸೋದರಮಾವನ ಮಗನಿಗೆ. ಜೋಡಿ ಗೆರೆ ಎಳೆದೆ. ಐದು ಹೆರಿಗೆ. ದೊಡ್ಡತ್ತೆ, ಅಪ್ಪಯ್ಯ, ಬಾಣಂತಿಕೋಣೆಯಲ್ಲೇ ಹೋದ ಒಂದು ಕೂಸು, ನಾಲ್ಕು ವರ್ಷಕ್ಕೆ ವಾಂತಿಭೇದಿಯಲ್ಲಿ ಹೋದ ಗಂಡುಮಗು, ಸಣ್ಣತ್ತೆ. ಆ ಗಂಡುಮಗುವಿಗೂ ಕಿವಿ ಕೇಳುತ್ತಿರಲಿಲ್ಲ ಎಂದು ಅವತ್ತೇ ನನಗೆ ತಿಳಿದದ್ದು. ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬಂದ ಮೇಲೆ ಹುಟ್ಟಿದವಳು ಸಣ್ಣತ್ತೆ. ಬಲಿಯಲ್ಲಿ ಏನು ಲೋಪವಾಯಿತೋ ಎಂದು ಅಜ್ಜಿ ನಲವತ್ತು ವರ್ಷ ಒಳಗೇ ತಿನ್ನಿಸಿಕೊಂಡಿದ್ದಳು. ಲೋಪ ಏನೂ ಇಲ್ಲ ಅಜ್ಜಿ, ಎರಡು ಭರಣಿಯಿಂದಲೂ ಹುರುಳಿಯೇ ಬಂತು, ಒಂದೇ ಮನೆತನವಾದ್ದರಿಂದ ಎರಡರಲ್ಲೂ ಅದೇ ಹುರುಳಿ ಇತ್ತು ಎಂದೆ. ಅವಳು ಮಸಿ ತುಂಬಿದ ಸುತ್ತನ್ನು ನೋಡಿದಳು. “ಅವಳನ್ನು ಯಾಕೆ ಕಪ್ಪು ಮಾಡಿದ್ದಿ?” ಎಂದಳು.

ಸಣ್ಣತ್ತೆ ಅಲ್ಲೇ ಇದ್ದಳು. ಅಕ್ಷರ ಬಾರದವಳು. ಹಾಳೆಯ ಮೇಲೆ ಬಗ್ಗಿ ಚೌಕ ಸುತ್ತುಗಳನ್ನು ಬೆರಳಲ್ಲಿ ಹಿಡಿದುಕೊಂಡು ಕೆಳಗಿಳಿದಳು. ಅಪ್ಪಯ್ಯನ ಚೌಕದ ಮೇಲೆ ಬೆರಳಿಟ್ಟು ಅಪ್ಪಯ್ಯನನ್ನು ತೋರಿಸಿದಳು. ಪಕ್ಕದ ಕಪ್ಪು ಸುತ್ತಿಗೆ ಬಂದಳು, ತನ್ನ ಎದೆ ಮುಟ್ಟಿಕೊಂಡಳು, ಆಮೇಲೆ ಕಿವಿ ಮುಟ್ಟಿಕೊಂಡಳು. ಹೌದು ಎಂದು ತಲೆಯಾಡಿಸಿದೆ. ಅವಳು ಎದ್ದು ಹೋಗಿ ಮೊರದಲ್ಲಿ ಅಕ್ಕಿ ಕೇರತೊಡಗಿದಳು. ನನ್ನ ಪೆಡಿಗ್ರಿಗೆ ಹತ್ತಕ್ಕೆ ಒಂಬತ್ತು ಅಂಕ ಬಂತು.

ಅದೇ ಹಾಳೆಯನ್ನು ನಾನು ಎರಡನೇ ಸಲ ಹೊರತೆಗೆದದ್ದು 1971ರಲ್ಲಿ, ದೊಡ್ಡತ್ತೆಯ ಮಗಳನ್ನು ನನಗೆ ತಂದುಕೊಳ್ಳುವ ಮಾತು ಬಂದಾಗ. ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಅಪ್ಪಯ್ಯನಿಗೆ ಕಿವಿ ಕೇಳುವುದರಿಂದ ಅವರು ಹುರುಳಿ-ಹುರುಳಿ ಅಲ್ಲ. ಉಳಿದ ಮೂರು ಸಾಧ್ಯತೆಯಲ್ಲಿ ಎರಡರಲ್ಲಿ ಅವರೊಳಗೆ ಒಂದು ಹುರುಳಿ ಇದೆ. ಅದು ನನಗೆ ಬಂದಿರುವ ಸಾಧ್ಯತೆ ಅದರರ್ಧ, ಮೂರರಲ್ಲಿ ಒಂದು. ದೊಡ್ಡತ್ತೆಯ ಮಗಳಿಗೂ ಅಷ್ಟೇ. ಇಬ್ಬರಲ್ಲೂ ಇದ್ದು, ಇಬ್ಬರಿಂದಲೂ ಮಗುವಿಗೆ ಬರುವುದು ನಾಲ್ಕರಲ್ಲಿ ಒಂದು. ಒಟ್ಟು ಮೂವತ್ತಾರರಲ್ಲಿ ಒಂದು. ಅಡಿಗೆಮನೆಯಲ್ಲಿ ಎಲ್ಲರ ಮುಂದೆ ಇದನ್ನು ಓದಿ ಹೇಳಿದೆ. ಅಪ್ಪಯ್ಯ, “ಮೂವತ್ತಾರು ದೋಸೆಯಲ್ಲಿ ಒಂದು ಹರಿದರೆ ಯಾರೂ ಹೋಟೆಲು ಮುಚ್ಚುವುದಿಲ್ಲ” ಎಂದರು. ಅಜ್ಜಿ ಮಾತಾಡಲಿಲ್ಲ. ಸಣ್ಣತ್ತೆ ಹಾಳೆಯನ್ನು ಗುರುತು ಹಿಡಿದಳು. ನನ್ನ ಮುಖ, ಅಪ್ಪಯ್ಯನ ಮುಖ, ಹಾಳೆ, ಹೀಗೆ ಒಂದೊಂದಾಗಿ ನೋಡಿದಳು. ಜಗಳ ತನ್ನ ಸುತ್ತಿನ ಬಗ್ಗೆ ಎಂದು ಅವಳಿಗೆ ಅರ್ಥವಾಗಲು ಮಾತು ಬೇಕಿರಲಿಲ್ಲ.

ಲೆಕ್ಕ ಸರಿಯಿತ್ತು. ಈಗಿನ ಜೆನೆಟಿಕ್ ಕೌನ್ಸೆಲರ್ ಕೂಡ ಅದನ್ನೇ ಹೇಳುತ್ತಾರೆ. ಆದರೆ ನಾನು ಮದುವೆ ಬೇಡವೆಂದದ್ದು ಆ ಲೆಕ್ಕಕ್ಕಾಗಿ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ. ಆರ್. ರಾಜಶೇಖರ ಶೆಟ್ಟರ ಬಳಗ ಹಣ್ಣುನೊಣಗಳ ಮೇಲೆ ಕೆಲಸ ಮಾಡುತ್ತಿತ್ತು. ಅಲ್ಲಿಯವರು ಪತ್ತೆ ಮಾಡಿದ ನೊಣಗಳಿಗೆ ಮೈಸೂರಿನ ಹೆಸರು, ಶೆಟ್ಟರ ಹೆಸರು ಇಟ್ಟಿದ್ದರು. “ನಿಮ್ಮ ಮೈಸೂರಿಗೆ ಹೋಗು” ಎಂದು ಮಾಷ್ ಹೇಳುತ್ತಿದ್ದರು. ಹಾರ್ಲಿಕ್ಸ್ ಬಾಟಲಿಯಲ್ಲಿ ಪಾಳಯಂಕೋಡನ್ ಬಾಳೆಹಣ್ಣು ಕೊಳೆಸಿ ನೊಣ ಹಿಡಿದು, ಈಥರ್ ಮೂಸಿಸಿ ಎಣಿಸಿ ಎಣಿಸಿ ನನಗೆ ಅದರ ಹುಚ್ಚು ಹಿಡಿದಿತ್ತು. ಮದುವೆಯಾದರೆ ಹೋಗಲಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಸಣ್ಣತ್ತೆಯನ್ನು ಮುಂದೆ ತಳ್ಳಿದೆ. ಮೈಸೂರಿಗೂ ಹೋಗಲಿಲ್ಲ. ಆ ಮಳೆಗಾಲದಲ್ಲಿ ಅಪ್ಪಯ್ಯನ ಕಾಲು ಸುಟ್ಟು ಆರು ತಿಂಗಳು ಕೆಲಸ ನಿಂತಿತು. ನಾನು ಬ್ಯಾಂಕ್ ಸೇರಿದೆ. ದೊಡ್ಡತ್ತೆಯ ಮಗಳಿಗೆ ಶಿವಮೊಗ್ಗದ ಕಡೆ ಒಳ್ಳೆಯ ಸಂಬಂಧವೇ ಆಯಿತು.

ಬ್ಯಾಂಕಿನಲ್ಲಿ ಜೆನೆಟಿಕ್ಸ್ ಒಂದೇ ಸಲ ಉಪಯೋಗಕ್ಕೆ ಬಂತು. 1989ರಲ್ಲಿ ತಲಶ್ಶೇರಿಯ ಕೋರ್ಟಿನಲ್ಲಿ ಮಗುವಿನ ತಂದೆ ಯಾರೆಂಬ ಮೊಕದ್ದಮೆಗೆ ಹೈದರಾಬಾದಿನ ಲಾಲ್‌ಜಿ ಸಿಂಗ್ ಡಿಎನ್ಎ ಪರೀಕ್ಷೆ ಮಾಡಿ ಸಾಕ್ಷಿ ಹೇಳಿದರು, ದೇಶದಲ್ಲೇ ಅದು ಮೊದಲ ಸಲ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳೆಲ್ಲ ನನ್ನ ಸುತ್ತ ಕೂತು ಕೇಳಿದರು. ಅರ್ಧ ಪೇಪರು ಓದಿದವನು, ಅರ್ಧ ಗಂಟೆ ಹೇಳಿದೆ.

ಕಳೆದ ರಜೆಯಲ್ಲಿ ಮೊಮ್ಮಗಳು ಬಂದಳು. ಅವಳ ಫೀಸು ವರ್ಷಕ್ಕೆ ಲಕ್ಷ ದಾಟುತ್ತದೆ. ಬಾಳೆಹಣ್ಣು ಅವರ ಲ್ಯಾಬಿನಲ್ಲೂ ಇದೆ, ಅದನ್ನು ಹಿಸುಕಿ ಡಿಎನ್ಎ ತೆಗೆಯುತ್ತಾರಂತೆ. ಬಿಳಿ ನೂಲಿನಂತೆ ಕಡ್ಡಿಗೆ ಸುತ್ತಿಕೊಂಡು ಬರುತ್ತದೆ ಎಂದು ಅವಳು ಹೇಳುವಾಗ ಅವಳ ಕಣ್ಣು ನನ್ನ ಅನಾಫೇಸಿನ ದಿನದ ಹಾಗೆ ಇತ್ತು. ಅವಳಿಗೂ ಪೆಡಿಗ್ರಿ ಬರೆಯುವ ಕೆಲಸ ಕೊಟ್ಟಿದ್ದರು. ಚೌಕ, ಸುತ್ತು, ಜೋಡಿ ಗೆರೆ, ಏನೂ ಬದಲಾಗಿಲ್ಲ. ಲೆಡ್ಜರ್ ಹಾಳೆ ತೆಗೆದುಕೊಟ್ಟೆ. ಮಡಿಕೆಯಲ್ಲಿ ಹರಿದಿತ್ತು, ಮೆಣಸಿನ ವಾಸನೆ ಹೋಗಿತ್ತು. ಅವಳು ಆ ಕಪ್ಪು ಸುತ್ತಿನ ಬಗ್ಗೆ ಕೇಳಿದಳು. ಹೇಳಿದೆ. ಮೂವತ್ತಾರರ ಲೆಕ್ಕವನ್ನೂ ಹೇಳಿದೆ, ಅದರ ಹಿಂದಿನದ್ದನ್ನೂ ಹೇಳಿದೆ.

ಹುಟ್ಟು ಕಿವುಡಿಗೆ ಕಾರಣವಾಗುವ ಜಿಜೆಬಿ2 ಎಂಬ ಜೀನ್ 1997ರಲ್ಲಿ ಸಿಕ್ಕಿತು, ನಮ್ಮ ದೇಶದಲ್ಲಿ ಅದರಲ್ಲಿ ಹೆಚ್ಚಾಗಿ ಕಾಣುವುದು ಒಂದೇ ತಪ್ಪು, 24ನೆಯ ಸ್ಥಾನದಲ್ಲಿ ಒಂದಕ್ಷರ ಬದಲಾಗಿ ಪ್ರೋಟೀನು ಅಲ್ಲಿಗೇ ನಿಂತುಬಿಡುತ್ತದೆ ಎಂದು ಅವಳು ವಿವರಿಸಿದಳು. ಹಾಗಾದರೆ ನನ್ನ ರಕ್ತ ನೋಡು ಎಂದೆ. “ನೋಡಬಹುದು ಅಜ್ಜ. ಆದರೆ ಕಿವುಡಿಗೆ ಕಾರಣವಾಗುವ ಜೀನ್ ನೂರರ ಮೇಲಿವೆ. ನಿಮ್ಮಲ್ಲಿ ಏನೂ ಸಿಗದಿದ್ದರೆ, ಅವರದ್ದು ನಿಮಗೆ ಬಂದಿಲ್ಲವೋ, ನಾವು ಬೇರೆ ಜಾಗದಲ್ಲಿ ಹುಡುಕಿದೆವೋ ಗೊತ್ತಾಗಲ್ಲ. ಮೊದಲು ಅವರದ್ದೇ ಬೇಕು” ಎಂದಳು. ಸಣ್ಣತ್ತೆ ತೀರಿಕೊಂಡದ್ದು 1988ರ ಆಷಾಢದಲ್ಲಿ. “ಏನಾದರೂ ಉಳಿದಿದೆಯಾ? ಹಲ್ಲು, ಬುಡ ಸಮೇತ ಒಂದು ಕೂದಲು?”

ಅಟ್ಟದ ಟ್ರಂಕಿನಲ್ಲಿ ಅವಳ ಎರಡು ಸೀರೆ, ಹಿತ್ತಾಳೆಯ ಕರಡಿಗೆ, ಕೊಂಬಿನ ಹಣಿಗೆ ಇದ್ದವು. ಹಣಿಗೆಯನ್ನು ಬೈರಾಸದ ತುಂಡಿನಲ್ಲಿ ಸುತ್ತಿಟ್ಟಿತ್ತು. ಬಿಚ್ಚಿದೆವು. ಟ್ರಂಕಿಗೆ ಹಾಕುವ ಮೊದಲು ನನ್ನ ಹೆಂಡತಿ ಅದನ್ನು ಸೀಗೆಪುಡಿ ಹಾಕಿ ಉಜ್ಜಿ ತೊಳೆದಿದ್ದಳು. ಮೊಮ್ಮಗಳು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಬದಿಯ ಹಲ್ಲುಗಳ ಸಂದಿ ನೋಡಿದಳು. ಒಂದೆಳೆಯೂ ಇರಲಿಲ್ಲ. ಅದೇ ಬಟ್ಟೆಯಲ್ಲಿ ಮತ್ತೆ ಸುತ್ತಿ ನನ್ನ ಕೈಗೆ ಕೊಟ್ಟಳು.